ಗೋಪುರ, ಅಗಸೆ, ಮಂಜೊಟ್ಟಿ: ಕಂಬಳದ ಓಟದ ಚಾರಿತ್ರಿಕ ಪಲ್ಲಟಗಳು

ಪೀಠಿಕೆ

1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಕುದುರೆ ಸವಾರರು ಪಂದ್ಯ ಕಟ್ಟಿ, ಬಟೆವಂಟ್ ಎಂಬ ಊರಿನ ಇಗರ್ಜಿಯಿಂದ ಡೊನರೇಲ್ ಎಂಬ ಊರಿನ ಇಗರ್ಜಿಯವರೆಗೆ ಸುಮಾರು ನಾಲ್ಕೂವರೆ ಮೈಲಿ ದೂರವನ್ನು ಹೊಲ, ಬೇಲಿ, ಹಳ್ಳಗಳನ್ನು ಹಾರಿ ಕ್ರಮಿಸಿದರೆಂಬ ನಿರೂಪಣೆಯು ಕುದುರೆ ಓಟದ ಚರಿತ್ರೆಯಲ್ಲಿ ನೆಲೆನಿಂತಿದೆ. ದೂರದಿಂದ ಕಾಣುವ ಇಗರ್ಜಿಯ ಗೋಪುರವೇ ಅವರಿಗೆ ಗುರಿಯಾಗಿತ್ತು. ಗೋಪುರದ ಬೆನ್ನು ಹತ್ತಿದ ಈ ಓಟವೇ ಮುಂದೆ ‘ಸ್ಟೀಪಲ್‌ಚೇಸ್’ ಎಂಬ ಹೆಸರನ್ನು ಪಡೆಯಿತು. 1839ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಸಮೀಪದ ಏಂಟ್ರಿ ಮೈದಾನದಲ್ಲಿ ‘ಲಾಟರಿ’ ಎಂಬ ಕುದುರೆ ಗೆದ್ದ ಓಟವು ಮುಂದೆ ‘ಗ್ರ್ಯಾಂಡ್ ನ್ಯಾಷನಲ್’ ಎಂದು ಜಗತ್ಪ್ರಸಿದ್ಧವಾಯಿತು. ಆ ವರ್ಷ ಬೆಚರ್ ಎಂಬ ಸವಾರನು ಬಿದ್ದ ಹಳ್ಳವು ಇಂದಿಗೂ ಅವನ ಹೆಸರನ್ನೇ ಹೊತ್ತುಕೊಂಡಿದೆ. ಎರಡು ಊರುಗಳ ನಡುವಿನ ನಿಜವಾದ ಬೇಲಿ, ಹಳ್ಳಗಳು ಬೇಲಿಯೊಳಗಿನ ಮೈದಾನದಲ್ಲಿ ಕಟ್ಟಿನಿಲ್ಲಿಸಿದ ಬೇಲಿ, ಹಳ್ಳಗಳಾಗಿ ಮಾರ್ಪಟ್ಟದ್ದು ಈ ಓಟದ ಚರಿತ್ರೆಯ ಮುಖ್ಯ ಘಟ್ಟವಾಗಿದೆ.

ಪ್ರಾಣಿಗಳನ್ನು ಓಡಿಸುವ ಪದ್ಧತಿಗಳ ಚರಿತ್ರೆಯನ್ನು ಬರೆಯುವಾಗ ಈ ಉದಾಹರಣೆಯಿಂದ ಒಂದು ಸೂತ್ರ ದೊರೆಯುತ್ತದೆ. ಓಟವು ಮೊದಲಿಗೆ ಒಂದು ನೆಲದ ಗುರುತುಗಳಿಗೆ ಕಟ್ಟುಬಿದ್ದಿರುತ್ತದೆ. ಕಾಲಾನಂತರದಲ್ಲಿ ಆ ಗುರುತುಗಳಿಂದ ಬಿಡಿಸಿಕೊಂಡು ಅಳತೆಗೆ, ನಿಯಮಕ್ಕೆ, ಬಹುಮಾನಕ್ಕೆ ಒಳಪಡುತ್ತದೆ. ಕೊನೆಗೆ ಕಾನೂನಿನ ಎದುರಿಗೆ ನಿಲ್ಲುತ್ತದೆ. ಕರ್ನಾಟಕದಲ್ಲಿ ಈ ಮೂರು ಘಟ್ಟಗಳನ್ನೂ ದಾಟಿ ಬಂದಿರುವ ಓಟವೆಂದರೆ ಕರಾವಳಿಯ ಕಂಬಳ. ಇದಕ್ಕೆ ಪ್ರತಿಯಾಗಿ, ಉತ್ತರ ಕರ್ನಾಟಕದ ಬಯಲುಸೀಮೆಯ ಕಾರಹುಣ್ಣಿಮೆಯ ‘ಕರಿ’ಯು ಇಂದಿಗೂ ಬಹುಮಟ್ಟಿಗೆ ಮೊದಲ ಘಟ್ಟದಲ್ಲಿಯೇ ಉಳಿದಿದೆ. ಇವೆರಡನ್ನೂ ಎದುರುಬದುರಾಗಿ ಇರಿಸಿ ನೋಡುವುದು, ಆ ಮೂಲಕ ನ್ಯಾಯಾಲಯದ ಅಂಗಳದಲ್ಲಿ ಪದೇಪದೇ ಕೇಳಿಬಂದ ‘ಸಂಪ್ರದಾಯ’ ಎಂಬ ಮಾತಿನ ಚಾರಿತ್ರಿಕ ಅರ್ಥವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಅಗಸೆಯ ಓಟ: ಎರೆಸೀಮೆಯ ಕರಿ

ಧಾರವಾಡ ಜಿಲ್ಲೆಯ ಕುಂದಗೋಳ, ಸಂಶಿ, ನವಲಗುಂದ, ಅಣ್ಣಿಗೇರಿ ಮೊದಲಾದ ಊರುಗಳು ಎರೆಭೂಮಿಯ ಬಯಲಿನಲ್ಲಿವೆ. ಈ ಬಯಲಿನಲ್ಲಿ ಎತ್ತಿಲ್ಲದ ಒಕ್ಕಲುತನವನ್ನು ಊಹಿಸುವುದು ಕೆಲವು ದಶಕಗಳ ಹಿಂದಿನವರೆಗೂ ಸಾಧ್ಯವಿರಲಿಲ್ಲ. ಮಳೆ ಬಿದ್ದರೆ ಅಂಟಿ ಹಿಡಿಯುವ, ಬಿಸಿಲು ಬಿದ್ದರೆ ಬಿರುಕು ಬಿಡುವ ಕಪ್ಪುಮಣ್ಣಿನಲ್ಲಿ ನೇಗಿಲು, ಕುಂಟೆ, ಕೂರಿಗೆಗಳನ್ನು ಎಳೆಯಲು ಬಲವಾದ ಎತ್ತುಗಳೇ ಬೇಕಾಗಿದ್ದವು. ಭಾರದ ಉಳುಮೆಗೆ ಹೆಸರಾದ ಕೃಷ್ಣಾ ಕಣಿವೆಯ ತಳಿಯೂ ನಡಿಗೆಯ ಚುರುಕಿಗೆ ಹೆಸರಾದ ಖಿಲಾರಿ ತಳಿಯೂ ಉತ್ತರ ಕರ್ನಾಟಕದ ರೈತರಲ್ಲಿ ಮನ್ನಣೆ ಪಡೆದದ್ದು ಈ ಕಾರಣದಿಂದಲೇ. ಕುದುರೆಯು ಈ ಸೀಮೆಯಲ್ಲಿ ಆಳುವವರ, ದಂಡಿನವರ ಪ್ರಾಣಿಯಾಗಿತ್ತು. ಸ್ವಾತಂತ್ರ್ಯಪೂರ್ವದಲ್ಲಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಂತಹ ಊರಿನಲ್ಲಿಯೂ ಒಕ್ಕಲಿಗನ ಓಟವೆಂದರೆ ಎತ್ತಿನ ಓಟವೇ.

ಜ್ಯೇಷ್ಠ ಮಾಸದ ಹುಣ್ಣಿಮೆಯಂದು ಆಚರಿಸುವ ಕಾರಹುಣ್ಣಿಮೆಯು ಮುಂಗಾರಿನ ಬಿತ್ತನೆಯ ಹೊಸ್ತಿಲಲ್ಲಿ ಬರುವ ಹಬ್ಬವಾಗಿದೆ. ಎತ್ತುಗಳ ಮೈತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲು, ಹಣೆಗೆ ಹಣೆಕಟ್ಟು ಕಟ್ಟಿ ಸಿಂಗರಿಸುತ್ತಾರೆ. ಗೊಟ್ಟದ ಮೂಲಕ ಎಣ್ಣೆ ಮೊದಲಾದವುಗಳನ್ನು ಕುಡಿಸಿ ಅವುಗಳ ಮೈಗೆ ಕಸುವು ತುಂಬುತ್ತಾರೆ. ಸಂಜೆಯ ಹೊತ್ತಿಗೆ ಊರ ಅಗಸೆಗೆ ಅಡ್ಡಲಾಗಿ ಬೇವಿನ ತಪ್ಪಲಿನ ತೋರಣವನ್ನು ಕಟ್ಟಲಾಗುತ್ತದೆ. ಎತ್ತುಗಳನ್ನು ಓಡಿಸಿಕೊಂಡು ಬಂದು ಆ ತೋರಣವನ್ನು ಹರಿಯುವುದೇ ‘ಕರಿ ಹರಿಯುವುದು’. ಮೊದಲು ಹರಿದ ಎತ್ತಿನ ಬಣ್ಣವು ಆ ವರ್ಷದ ಬೆಳೆಯ ಸೂಚಕವೆಂಬ ನಂಬಿಕೆಯಿದೆ. ಬಿಳಿಯ ಎತ್ತು ಮುಂದಾದರೆ ಬಿಳಿಜೋಳದಂತಹ ಹಿಂಗಾರಿ ಪೀಕು, ಕಂದು ಎತ್ತು ಮುಂದಾದರೆ ಮುಂಗಾರಿ ಪೀಕು ಹುಲುಸಾಗುವುದೆಂದು ಹೇಳುವ ರೂಢಿ ವ್ಯಾಪಕವಾಗಿದ್ದು, ಊರಿಂದ ಊರಿಗೆ ಈ ಅರ್ಥೈಸುವಿಕೆಯಲ್ಲಿ ವ್ಯತ್ಯಾಸಗಳಿರುವುದೂ ಕಂಡುಬರುತ್ತದೆ.

ಈ ಆಚರಣೆಯಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಓಟದ ಗುರಿಯು ಅಗಸೆ. ಅದು ಊರಿನ ಒಳಗನ್ನೂ ಹೊರಗನ್ನೂ ಬೇರ್ಪಡಿಸುವ ಗುರುತು. ಐರ್ಲೆಂಡಿನ ಸವಾರರಿಗೆ ಇಗರ್ಜಿಯ ಗೋಪುರವಿದ್ದಂತೆ ಇಲ್ಲಿನ ರೈತರಿಗೆ ಅಗಸೆಯಿದೆ. ಎರಡನೆಯದಾಗಿ, ಇಲ್ಲಿ ದೂರಕ್ಕಾಗಲಿ ಕಾಲಕ್ಕಾಗಲಿ ಅಳತೆಯಿಲ್ಲ. ಯಾವ ಎತ್ತು ಮುಂದಾಯಿತೆಂಬುದಷ್ಟೇ ಮುಖ್ಯವಾಗಿದ್ದು, ಎಷ್ಟು ಬೇಗ ಬಂದಿತೆಂಬ ಪ್ರಶ್ನೆಯೇ ಏಳುವುದಿಲ್ಲ. ಮೂರನೆಯದಾಗಿ, ಗೆಲುವಿನ ಫಲವು ಎತ್ತಿನ ಒಡೆಯನೊಬ್ಬನಿಗೆ ಸೇರುವುದಿಲ್ಲ. ಅದು ಬೆಳೆಯ ಭವಿಷ್ಯವಾಗಿ ಇಡೀ ಊರಿಗೆ ಹಂಚಿಕೆಯಾಗುತ್ತದೆ. ಓಟವು ಇಲ್ಲಿ ಸ್ಪರ್ಧೆಗಿಂತ ಹೆಚ್ಚಾಗಿ ಶಕುನವಾಗಿದೆ. ಕಂಬಳದ ಹಳೆಯ ರೂಪವನ್ನು ಅರಿಯಲು ಈ ಮೂರು ಅಂಶಗಳು ನೆರವಾಗುತ್ತವೆ.

ಕಂಬಳ: ಪದ, ಗದ್ದೆ ಮತ್ತು ಬೆಳೆ

ತುಳುವಿನಲ್ಲಿ ‘ಕಂಬುಲ’ ಎನಿಸಿಕೊಳ್ಳುವ ಈ ಪದದ ನಿಷ್ಪತ್ತಿಯನ್ನು ಕುರಿತು ಒಮ್ಮತವಿಲ್ಲ. ಕೆಸರು ಎಂಬ ಅರ್ಥದ ‘ಕಂಪ’ ಮತ್ತು ಕಣ ಅಥವಾ ಗದ್ದೆ ಎಂಬ ಅರ್ಥದ ‘ಕಳ’ ಸೇರಿ ‘ಕಂಬಳ’ವಾಗಿದೆ ಎಂಬ ವಿವರಣೆ ಹೆಚ್ಚು ಪ್ರಚಲಿತವಾಗಿದೆ. ಕನ್ನಡದಲ್ಲಿ ‘ಕಂಬಳ’ ಎಂಬ ಪದಕ್ಕೆ ಕೂಲಿ, ಕೂಲಿಯ ದುಡಿಮೆ ಎಂಬ ಅರ್ಥವೂ ಇದೆ. ಈ ಎರಡು ಪದಗಳು ಮೂಲದಲ್ಲಿ ಒಂದೇ ಎಂದು ಹೇಳಲು ಆಧಾರ ಸಾಲದು. ಆದರೂ ಗದ್ದೆಯ ಹೆಸರಿನ ಪಕ್ಕದಲ್ಲಿಯೇ ದುಡಿಮೆಯ ಹೆಸರೊಂದು ನಿಂತಿರುವುದು, ಕಂಬಳದ ಚರಿತ್ರೆಯಲ್ಲಿ ದುಡಿದವರ ಸ್ಥಾನವೇನು ಎಂಬ ಪ್ರಶ್ನೆಯನ್ನು ನೆನಪಿಸುವಂತಿದೆ.

ತುಳುನಾಡಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳ ಕ್ರಮವಿದೆ. ಏಣೆಲಿನ ಕೊಯ್ಲು ಮುಗಿದು ಮುಂದಿನ ಬೆಳೆಗೆ ಗದ್ದೆಯನ್ನು ಹದಗೊಳಿಸುವ ಸಂದರ್ಭದಲ್ಲಿ ಕಂಬಳವು ನಡೆಯುತ್ತಿತ್ತು. ಇಂದಿಗೂ ಕಂಬಳದ ಋತು ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್ ವರೆಗೆ ಇರುವುದು ಈ ಬೇಸಾಯದ ಕ್ರಮದ ಕುರುಹಾಗಿದೆ. ನೀರು ನಿಲ್ಲಿಸಿದ ಗದ್ದೆಯಲ್ಲಿ ಕೋಣಗಳನ್ನು ಇಳಿಸಿ ಓಡಿಸುವುದು ಮಣ್ಣನ್ನು ಕಲಸಿ ಹದಗೊಳಿಸುವ ಕೆಲಸವೂ ಹೌದು, ಗದ್ದೆಗೆ ಸಲ್ಲಿಸುವ ಗೌರವವೂ ಹೌದು. ಹೂವಿನಿಂದ ಅಲಂಕರಿಸಿದ ಪೂಕರೆಯನ್ನು ಗದ್ದೆಯ ನಡುವೆ ನೆಡುವ ಪೂಕರೆ ಕಂಬಳ, ಬಾಳೆಗಿಡವನ್ನು ನೆಡುವ ಬಾರೆ ಕಂಬಳ, ದೇವಾಲಯ ಮತ್ತು ದೈವಗಳಿಗೆ ಸಂಬಂಧಿಸಿದ ದೇವರ ಕಂಬಳ ಎಂಬ ಪ್ರಭೇದಗಳಲ್ಲಿ ಓಟಕ್ಕಿಂತ ಆಚರಣೆಯೇ ಪ್ರಧಾನ. ಇಲ್ಲಿ ಕೋಣಗಳು ಗದ್ದೆಯನ್ನು ಸುತ್ತುವುದು, ಪೂಕರೆ ನಿಲ್ಲುವುದು, ಆ ಬಳಿಕ ನಾಟಿ ನಡೆಯುವುದು ಇವೆಲ್ಲ ಒಂದೇ ಸರಣಿಯ ಕ್ರಿಯೆಗಳು. ಕರಿಯ ತೋರಣ ಹರಿದ ಮೇಲೆ ಬಿತ್ತನೆಗೆ ಮನಸ್ಸು ಮಾಡುವ ಬಯಲುಸೀಮೆಯ ಒಕ್ಕಲಿಗನಿಗೂ ಪೂಕರೆ ನೆಟ್ಟ ಮೇಲೆ ನಾಟಿಗೆ ಇಳಿಯುವ ಕರಾವಳಿಯ ಒಕ್ಕಲಿಗನಿಗೂ ಓಟವು ಬೇಸಾಯದ ಪಂಚಾಂಗದ ಒಂದು ದಿನವೇ ಆಗಿತ್ತು.

ಅರಸು, ಗುತ್ತು, ಒಕ್ಕಲು

ಕಂಬಳದ ಪ್ರಾಚೀನತೆಯನ್ನು ಕುರಿತು ಬರೆಯುವಾಗ ಅತ್ಯುತ್ಸಾಹದ ಹೇಳಿಕೆಗಳು ನುಸುಳುವುದುಂಟು. ‘ಅರಸು ಕಂಬಳ’ವೆಂದು ಹೆಸರಾದ ಮಂಗಳೂರಿನ ಕದ್ರಿಯ ಕಂಬಳವು ಮುನ್ನೂರು ವರ್ಷಗಳ ಹಿಂದೆ ಅಳುಪ ಅರಸರ ಆಶ್ರಯ ಪಡೆದಿತ್ತೆಂಬ ಮಾತು ಜನಪ್ರಿಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅಳುಪರ ಆಳ್ವಿಕೆಯು ಹದಿನಾಲ್ಕು-ಹದಿನೈದನೆಯ ಶತಮಾನಗಳ ಹೊತ್ತಿಗೇ ಕೊನೆಗೊಂಡಿತ್ತಾದ್ದರಿಂದ ಈ ಹೇಳಿಕೆಯ ಎರಡು ಭಾಗಗಳು ಏಕಕಾಲದಲ್ಲಿ ನಿಜವಾಗಲು ಸಾಧ್ಯವಿಲ್ಲ. ಅರಸರ ಹೆಸರನ್ನು ಹಿಡಿದು ಕಂಬಳಕ್ಕೆ ಒಂದು ಇಸವಿಯನ್ನು ಕಟ್ಟುವುದಕ್ಕಿಂತ, ‘ಅರಸು’ ಎಂಬ ವಿಶೇಷಣವು ಏನನ್ನು ಸೂಚಿಸುತ್ತದೆಂದು ಕೇಳುವುದು ಹೆಚ್ಚು ಫಲಪ್ರದವಾದೀತು.

ಪಡುಪಣಂಬೂರಿನಲ್ಲಿ ನಡೆಯುವ ಮೂಲ್ಕಿ ಸೀಮೆಯ ಅರಸು ಕಂಬಳವೂ ಇದೇ ವಿಶೇಷಣವನ್ನು ಹೊಂದಿದೆ. ಅರಸುಮನೆತನ, ಬೀಡು, ಗುತ್ತುಮನೆ ಇವುಗಳಿಗೆ ಸೇರಿದ ದೊಡ್ಡ ಗದ್ದೆಯೇ ಕಂಬಳದ ಗದ್ದೆ. ಸೀಮೆಯ ಮೊದಲ ಗದ್ದೆಯೆಂಬ ಮನ್ನಣೆ ಅದಕ್ಕೆ ಸಲ್ಲುತ್ತಿತ್ತು. ಆ ಗದ್ದೆಯ ಉಳುಮೆಗೆ ಕೋಣಗಳನ್ನು ತರುವುದು ಒಕ್ಕಲುಗಳ ಪಾಲಿಗೆ ಗೌರವವೂ ಆಗಿತ್ತು, ಕಡ್ಡಾಯವೂ ಆಗಿತ್ತು. ಹೀಗೆ ‘ಅರಸು’ ಎಂಬುದು ಕಾಲವನ್ನು ಹೇಳುವ ಪದವಲ್ಲ, ಭೂಸಂಬಂಧವನ್ನು ಹೇಳುವ ಪದ. ಯಾರ ಗದ್ದೆಯಲ್ಲಿ ಯಾರ ಕೋಣಗಳು ಓಡುತ್ತವೆ, ಯಾರು ಓಡಿಸುತ್ತಾರೆ, ಯಾರು ದಂಡೆಯ ಮೇಲೆ ನಿಂತು ನೋಡುತ್ತಾರೆ ಎಂಬ ವ್ಯವಸ್ಥೆಯು ತುಳುನಾಡಿನ ಶ್ರೇಣೀಕೃತ ಸಮಾಜದ ನಕ್ಷೆಯೇ ಆಗಿತ್ತು.

ಗದ್ದೆ ಮತ್ತು ನೀರಿನ ಈ ವ್ಯಾಜ್ಯವನ್ನು ತುಳುವರ ಮೌಖಿಕ ಪರಂಪರೆಯು ಮರೆತಿಲ್ಲ. ಕೋಟಿ-ಚೆನ್ನಯರ ಪಾಡ್ದನದಲ್ಲಿ ವೀರರಿಗೂ ಬುದ್ಯಂತನಿಗೂ ನಡೆಯುವ ಸಂಘರ್ಷವು ಕಂಬಳದ ಗದ್ದೆಯ ಬೇಸಾಯ ಮತ್ತು ನೀರನ್ನು ಕುರಿತದ್ದಾಗಿದ್ದು, ಅದು ಬುದ್ಯಂತನ ಸಾವಿನಲ್ಲಿ ಕೊನೆಗೊಳ್ಳುತ್ತದೆ. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯ ನಾಯಕನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಪ್ರಾಣಿಯ ಒಡೆತನವು ಭೂಮಿಯ ಒಡೆತನವಾಗಿ ಮಾರ್ಪಡಲು ಜಾತಿಯು ಬಿಡದ ಸಮಾಜದಲ್ಲಿಯೇ ಕಂಬಳವೂ ನಡೆಯುತ್ತಿತ್ತೆಂಬುದನ್ನು ಅಧ್ಯಯನಕಾರರು ಮರೆಯುವಂತಿಲ್ಲ.

ಪನಿಯಲ್ಲಿ ಕುಳಿತವರು

ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬಳಿ ಕುಳಿತು ಹಾಡಿ ಕುಣಿಯಬೇಕಾಗಿದ್ದ ಪದ್ಧತಿಗೆ ‘ಪನಿಕುಲ್ಲುನು’ ಎಂಬ ಹೆಸರಿತ್ತು. ಪನಿ ಎಂದರೆ ಇಬ್ಬನಿ. ಇಬ್ಬನಿಯಲ್ಲಿ ಕುಳಿತಿರುವುದು ಎಂಬುದೇ ಆ ಪದದ ಅರ್ಥ. ಕೋಣಗಳನ್ನು ಇಳಿಸುವ ಮೊದಲು ಕೊರಗರನ್ನು ಗದ್ದೆಯಲ್ಲಿ ಓಡಿಸಲಾಗುತ್ತಿತ್ತು. ಕೆಸರಿನಲ್ಲಿ ಮುಳ್ಳು, ಗಾಜಿನ ಚೂರು ಇದ್ದರೆ ಅದು ಕೋಣದ ಕಾಲಿಗಿಂತ ಮೊದಲು ಮನುಷ್ಯನ ಕಾಲಿಗೆ ತಾಗಲಿ ಎಂಬುದೇ ಇದರ ಹಿಂದಿನ ತರ್ಕವಾಗಿತ್ತು. ಡೋಲು ಬಾರಿಸುವ ಹೊಣೆಯೂ ಅವರದೇ. ಓಟದ ಆರಂಭದಿಂದ ಕೊನೆಯವರೆಗೂ ಇದ್ದ ಈ ಜನರಿಗೆ ಬಹುಮಾನದ ಪಟ್ಟಿಯಲ್ಲಿ ಎಂದೂ ಸ್ಥಾನವಿರಲಿಲ್ಲ.

ಕೊರಗರನ್ನು ಅಸ್ಪೃಶ್ಯತೆಯ ಕಾರಣಕ್ಕೆ ಹೀನಾಯವಾಗಿ ನಡೆಸಿಕೊಳ್ಳುವ ಇಂತಹ ರೂಢಿಗಳನ್ನು ಒಟ್ಟಾಗಿ ‘ಅಜಲು’ ಎಂದು ಕರೆಯಲಾಗುತ್ತದೆ. ಸಮುದಾಯದ ಸಂಘಟನೆಗಳ ದೀರ್ಘಕಾಲದ ಹೋರಾಟದ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರವು ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಅಧಿನಿಯಮ, 2000ವನ್ನು ಜಾರಿಗೆ ತಂದಿತು. ಕಂಬಳದ ಚರಿತ್ರೆಯಲ್ಲಿ ಈ ಅಧಿನಿಯಮಕ್ಕೆ ಸಲ್ಲಬೇಕಾದ ಮಹತ್ವವು ಸಂದಿಲ್ಲವೆಂದೇ ಹೇಳಬೇಕಾಗುತ್ತದೆ. ಕಂಬಳವನ್ನು ಕುರಿತ ಕಾನೂನಿನ ಚರ್ಚೆಯು 2014ರಲ್ಲಿ ಆರಂಭವಾಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಕಾನೂನು ಅದಕ್ಕೂ ಹದಿನಾಲ್ಕು ವರ್ಷಗಳ ಮೊದಲೇ ಕಂಬಳದ ಗದ್ದೆಗೆ ಇಳಿದಿತ್ತು. ಆಗ ಅದು ಕೋಣದ ಪರವಾಗಿ ಬಂದಿರಲಿಲ್ಲ, ಮನುಷ್ಯನ ಪರವಾಗಿ ಬಂದಿತ್ತು.

ಜೋಡುಕರೆಯ ಉದಯ

ಇಂದು ಜನಸಾಮಾನ್ಯರು ಕಂಬಳವೆಂದು ಗುರುತಿಸುವುದು ಜೋಡುಕರೆಯ ಕಂಬಳವನ್ನು. ಅಕ್ಕಪಕ್ಕದಲ್ಲಿ ನಿರ್ಮಿಸಿದ ಎರಡು ನೀಳವಾದ ಕೆಸರಿನ ಕರೆಗಳಲ್ಲಿ ಎರಡು ಜೊತೆ ಕೋಣಗಳನ್ನು ಏಕಕಾಲಕ್ಕೆ ಓಡಿಸಿ ಸೋಲು-ಗೆಲುವನ್ನು ನಿರ್ಣಯಿಸುವ ಈ ವಿಧಾನವು 1969-70ರ ಸುಮಾರಿಗೆ ಕಾರ್ಕಳ ತಾಲ್ಲೂಕಿನ ಬಜಗೋಳಿಯಲ್ಲಿ ಆರಂಭವಾಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅದಕ್ಕೂ ಮೊದಲು ಒಂಟಿಕರೆಯಲ್ಲಿ ಒಂದೊಂದೇ ಜೊತೆಯನ್ನು ಓಡಿಸುವ ರೂಢಿಯಿತ್ತು. ಒಂದೇ ಕರೆಯಲ್ಲಿ ಒಂದರ ನಂತರ ಒಂದು ಜೊತೆ ಓಡುವಾಗ ನೋಡುಗನ ಕಣ್ಣು ಕೋಣದ ಅಂದ, ಓಟದ ಠೀವಿ, ಕೆಸರು ಚಿಮ್ಮುವ ಪರಿ ಇವುಗಳ ಮೇಲಿರುತ್ತದೆ. ಎರಡು ಕರೆಗಳು ಅಕ್ಕಪಕ್ಕದಲ್ಲಿ ಬಂದೊಡನೆ ಕಣ್ಣು ಹೋಲಿಕೆಗೆ ಇಳಿಯುತ್ತದೆ. ಹೀಗಾಗಿ ಕರೆಯ ಸಂಖ್ಯೆ ಒಂದರಿಂದ ಎರಡಾದದ್ದು ತಾಂತ್ರಿಕ ಬದಲಾವಣೆಯಷ್ಟೇ ಆಗಿರದೆ, ಆಚರಣೆಯು ಸ್ಪರ್ಧೆಯಾಗಿ ಮಾರ್ಪಟ್ಟ ಗಳಿಗೆಯೂ ಆಗಿದೆ.

ಇದೇ ಅವಧಿಯಲ್ಲಿ ಕರಾವಳಿಯ ಭೂಸಂಬಂಧಗಳೂ ಬುಡಮೇಲಾದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯು ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಗುತ್ತುಮನೆಯ ಗದ್ದೆಗೆ ಕೋಣಗಳನ್ನು ತರಬೇಕಾಗಿದ್ದ ಒಕ್ಕಲು ತನ್ನ ಉಳುಮೆಯ ನೆಲಕ್ಕೆ ತಾನೇ ಒಡೆಯನಾದನು. ಒಕ್ಕಲುಗಳ ಕಡ್ಡಾಯ ದುಡಿಮೆಯನ್ನು ನೆಚ್ಚಿದ್ದ ಕಂಬಳಗಳು ಬಲಗುಂದಿದವು. ಸಮಿತಿಗಳು ನಡೆಸುವ, ಯಾರು ಬೇಕಾದರೂ ಕೋಣಗಳನ್ನು ತಂದು ಓಡಿಸಬಹುದಾದ ಜೋಡುಕರೆ ಕಂಬಳಗಳು ಅವುಗಳ ಜಾಗದಲ್ಲಿ ಬೆಳೆದವು. ಜೋಡುಕರೆಯು ಭೂಸುಧಾರಣೆಯ ನೇರ ಫಲವೆನ್ನಲಾಗದು, ಏಕೆಂದರೆ ಅದು ಕಾಯಿದೆಗಿಂತ ಕೆಲವು ವರ್ಷ ಮೊದಲೇ ಹುಟ್ಟಿತ್ತು. ಆದರೆ ಅದು ವ್ಯಾಪಕವಾಗಿ ಹರಡಲು ಬದಲಾದ ಭೂಸಂಬಂಧಗಳು ಹಾದಿ ಮಾಡಿಕೊಟ್ಟವೆಂದು ಹೇಳಬಹುದು.

ಕರೆಗಳಿಗೆ ಇಡಲಾದ ಜೋಡಿ ಹೆಸರುಗಳನ್ನೂ ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಮೂಡುಬಿದಿರೆ ಮತ್ತು ಪುತ್ತೂರುಗಳಲ್ಲಿ ಕೋಟಿ-ಚೆನ್ನಯ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ, ಮಿಯಾರಿನಲ್ಲಿ ಲವ-ಕುಶ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ, ವೇಣೂರಿನಲ್ಲಿ ಸೂರ್ಯ-ಚಂದ್ರ ಎಂಬ ಹೆಸರುಗಳಿವೆ. ಕಾಸರಗೋಡಿನ ಪೈವಳಿಕೆಯಲ್ಲಿಯೂ ಜೋಡುಕರೆ ಕಂಬಳವು ನಡೆದುಬಂದಿದೆ. ಪಾಡ್ದನದಲ್ಲಿ ಗದ್ದೆಯ ನೀರಿಗಾಗಿ ಹೋರಾಡಿದ ಅವಳಿ ವೀರರ ಹೆಸರು ಈಗ ಕೆಸರಿನ ಕರೆಯ ಹೆಸರಾಗಿದೆ. ‘ಅರಸು ಕಂಬಳ’ ಎಂಬ ಹೆಸರಿನಿಂದ ‘ಕೋಟಿ-ಚೆನ್ನಯ ಜೋಡುಕರೆ’ ಎಂಬ ಹೆಸರಿನವರೆಗಿನ ದೂರವು ಸಾಮಾಜಿಕ ಚರಿತ್ರೆಯ ದೂರವೂ ಆಗಿದೆ.

ಅಳತೆಯ ಆಳ್ವಿಕೆ

ಜೋಡುಕರೆಯು ತನ್ನದೇ ಆದ ನಿಯಮಾವಳಿಯನ್ನು ರೂಪಿಸಿಕೊಂಡಿತು. ಕೋಣಗಳನ್ನು ಬಿಡುವ ತುದಿಯು ಗಂತು, ಅವು ಬಂದು ಏರುವ ಇಳಿಜಾರಿನ ತುದಿಯು ಮಂಜೊಟ್ಟಿ. ಸ್ಪರ್ಧೆಗಳು ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಲ್ಲಿ ನಡೆಯುತ್ತವೆ. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂಬ ಶ್ರೇಣಿಗಳೂ ಇವೆ. ಈ ವಿಭಾಗಗಳ ಹೆಸರುಗಳೆಲ್ಲ ಬೇಸಾಯದ ಸಲಕರಣೆಗಳ ಹೆಸರುಗಳೇ ಆಗಿರುವುದು ಗಮನಾರ್ಹ. ಸಮತಟ್ಟು ಮಾಡುವ ಹಲಗೆಯು ಸ್ಪರ್ಧೆಯ ಹಲಗೆಯಾಗಿ, ಉಳುವ ನೇಗಿಲು ಓಟಕ್ಕೆ ತಕ್ಕ ಹಗುರವಾದ ನೇಗಿಲಾಗಿ ಮಾರ್ಪಟ್ಟಿವೆ.

ಇವುಗಳಲ್ಲಿ ಕನೆಹಲಗೆಯ ಸ್ಪರ್ಧೆಯು ವಿಶಿಷ್ಟವಾದುದು. ಇಲ್ಲಿ ವೇಗಕ್ಕೆ ಬಹುಮಾನವಿಲ್ಲ. ಓಡಿಸುವವನು ಹಲಗೆಯ ಮೇಲೆ ನಿಂತಿರುವಾಗ ಅದರ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂಬ ಎತ್ತರಗಳನ್ನು ಇದಕ್ಕೆ ನಿಗದಿಪಡಿಸಲಾಗಿದೆ. ಕರಿಯ ತೋರಣದಂತೆ ಇಲ್ಲಿಯೂ ಮೇಲೆ ಕಟ್ಟಿದ ಗುರುತೊಂದನ್ನು ಮುಟ್ಟುವುದೇ ಗೆಲುವು. ಒಂಟಿಕರೆಯ ಕಾಲದ ಸೌಂದರ್ಯದೃಷ್ಟಿಯು ಜೋಡುಕರೆಯ ಒಳಗೂ ಉಳಿದುಬಂದಿರುವುದಕ್ಕೆ ಇದು ಸಾಕ್ಷಿಯಾಗಿದೆ.

ಆದರೆ ಕಾಲದ ಅಳತೆಯು ಕ್ರಮೇಣ ಮೇಲುಗೈ ಸಾಧಿಸಿತು. ಬಾಳೆಗೊನೆ, ಎಳನೀರುಗಳ ಕಾಣಿಕೆಯು ಚಿನ್ನದ ಪದಕವಾಯಿತು. ಮಂಜೊಟ್ಟಿಯಲ್ಲಿ ನಿಂತು ಕಣ್ಣಳತೆಯಲ್ಲಿ ತೀರ್ಪು ನೀಡುವ ಕ್ರಮಕ್ಕೆ ಲೇಸರ್ ಕಿರಣದ ಉಪಕರಣಗಳು ನೆರವಾದವು. ಓಟಗಾರರಿಗೆ ತರಬೇತಿ ನೀಡುವ ಅಕಾಡೆಮಿಯೊಂದು ಮಿಯಾರಿನಲ್ಲಿ ಆರಂಭವಾಯಿತು. ಈ ಬೆಳವಣಿಗೆಯ ತುದಿಯನ್ನು 2020ರ ಫೆಬ್ರವರಿ 1ರಂದು ಐಕಳದಲ್ಲಿ ಕಾಣಬಹುದು. ಅಂದು ಶ್ರೀನಿವಾಸ ಗೌಡ ಎಂಬ ಓಟಗಾರರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದಾಗ 9.55 ಸೆಕೆಂಡು ಎಂಬ ಅಂಕಿ ಬಂದಿತು. ಉಸೇನ್ ಬೋಲ್ಟ್ ಅವರ 9.58 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಹೋಲಿಕೆ ಆರಂಭವಾಗಿ, ಕೇಂದ್ರದ ಕ್ರೀಡಾ ಸಚಿವರು ಅವರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನಿಸಿದರು. ಕಂಬಳದಲ್ಲಿ ಹಿಮ್ಮಡಿಯ ಬಲ ಮುಖ್ಯ, ಮೈದಾನದಲ್ಲಿ ಮುಂಗಾಲಿನ ಬಲ ಮುಖ್ಯ ಎಂದು ವಿವರಿಸಿ ಅವರು ಪರೀಕ್ಷೆಯಿಂದ ದೂರವುಳಿದರು. ಕೋಣಗಳ ಎಳೆತದ ಬಲದಲ್ಲಿ ಓಡುವವನ ವೇಗವನ್ನೂ ಒಂಟಿಯಾಗಿ ಓಡುವವನ ವೇಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬ ತಿಳಿವಳಿಕೆ ಸ್ವತಃ ಓಟಗಾರನಲ್ಲಿತ್ತು, ಹೋಲಿಸಿದವರಲ್ಲಿ ಇರಲಿಲ್ಲ. ಅಳತೆಯು ಓಟವನ್ನು ನೆಲದಿಂದ ಬಿಡಿಸಿದಾಗ ಉಂಟಾಗುವ ಅಪಾರ್ಥಕ್ಕೆ ಇದೊಂದು ನಿದರ್ಶನ.

ನ್ಯಾಯಾಲಯದಲ್ಲಿ ಸಂಪ್ರದಾಯ

ಪ್ರಾಣಿಹಿಂಸೆ ತಡೆ ಅಧಿನಿಯಮ, 1960ರ ಅಡಿಯಲ್ಲಿ ಕೇಂದ್ರ ಸರ್ಕಾರವು 2011ರ ಜುಲೈ 11ರಂದು ಹೊರಡಿಸಿದ ಅಧಿಸೂಚನೆಯು ಹೋರಿಗಳನ್ನು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ಪ್ರಕರಣದಲ್ಲಿ ನೀಡಿದ ತೀರ್ಪು ತಮಿಳುನಾಡಿನ ಜಲ್ಲಿಕಟ್ಟು ಮತ್ತು ಮಹಾರಾಷ್ಟ್ರದ ಎತ್ತಿನ ಗಾಡಿ ಓಟಗಳನ್ನು ತಡೆಯಿತು. ಅದರ ಪರಿಣಾಮವು ಕರ್ನಾಟಕದ ಮೇಲೂ ಆಯಿತು. 2016ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮಧ್ಯಂತರ ಆದೇಶದಿಂದ ಕಂಬಳವು ನಿಂತಿತು. ಮರುವರ್ಷದ ಜನವರಿಯಲ್ಲಿ ಚೆನ್ನೈಯಲ್ಲಿ ಜಲ್ಲಿಕಟ್ಟಿನ ಪರವಾಗಿ ನಡೆದ ಚಳವಳಿಯ ಬೆನ್ನಲ್ಲಿ ಕರಾವಳಿಯಲ್ಲಿಯೂ ಪ್ರತಿಭಟನೆಗಳು ನಡೆದವು. 2017ರ ಫೆಬ್ರವರಿಯಲ್ಲಿ ರಾಜ್ಯ ವಿಧಾನಮಂಡಲವು ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಜುಲೈಯಲ್ಲಿ ಸುಗ್ರೀವಾಜ್ಞೆ ಹೊರಟಿತು. ಪರಿಷ್ಕೃತ ಮಸೂದೆಗೆ 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2023ರ ಮೇ 18ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ ಮತ್ತು ಕರ್ನಾಟಕಗಳ ತಿದ್ದುಪಡಿ ಕಾಯಿದೆಗಳನ್ನು ಎತ್ತಿಹಿಡಿಯಿತು.

ಕರ್ನಾಟಕದ ಕಾಯಿದೆಯು ಕಂಬಳವನ್ನು ಸಂಪ್ರದಾಯ ಮತ್ತು ಸಂಸ್ಕೃತಿಯ ಭಾಗವಾಗಿ ನಡೆದುಬಂದ ಕ್ರೀಡೆಯೆಂದು ನಿರೂಪಿಸುತ್ತದೆ. ಪ್ರಾಣಿಗೆ ಅನಗತ್ಯ ನೋವು ಉಂಟಾಗಬಾರದೆಂಬ ಷರತ್ತನ್ನೂ ವಿಧಿಸುತ್ತದೆ. ಒಂದು ಆಚರಣೆಯು ಸಂಸ್ಕೃತಿಯ ಅವಿಭಾಜ್ಯ ಅಂಗವೇ ಎಂಬುದನ್ನು ನಿರ್ಣಯಿಸಲು ಆಳವಾದ ಸಾಮಾಜಿಕ, ಸಾಂಸ್ಕೃತಿಕ ವಿಶ್ಲೇಷಣೆ ಬೇಕಾಗುವುದೆಂದೂ ಅದು ನ್ಯಾಯಾಂಗವು ಕೈಗೊಳ್ಳಬಹುದಾದ ಕೆಲಸವಲ್ಲವೆಂದೂ ಸಂವಿಧಾನ ಪೀಠವು ಅಭಿಪ್ರಾಯಪಟ್ಟಿತು. ನ್ಯಾಯಾಲಯವು ಬಿಟ್ಟುಕೊಟ್ಟ ಈ ಕೆಲಸವು ಶಾಸನಸಭೆಯಷ್ಟೇ ಜಾನಪದ ಅಧ್ಯಯನಕ್ಕೂ ಸೇರಿದ್ದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಚರಿತ್ರೆಯ ದೃಷ್ಟಿಯಿಂದ ನೋಡಿದರೆ ವಾದದ ಎರಡೂ ಕಡೆಗಳಲ್ಲಿ ಒಂದು ಸಮಾನವಾದ ಊಹೆ ಅಡಗಿದೆ. ಕಂಬಳವು ಬದಲಾಗದೆ ಬಂದ ವಸ್ತುವೆಂದು ಪರ-ವಿರೋಧದ ಇಬ್ಬರೂ ಭಾವಿಸಿದಂತಿದೆ. ಮೇಲೆ ಚರ್ಚಿಸಿದ ವಿವರಗಳು ಇದಕ್ಕೆ ವ್ಯತಿರಿಕ್ತವಾಗಿವೆ. ಬೆಳೆಯ ಆಚರಣೆಯಾಗಿ ಕಂಬಳವು ಹಳೆಯದು. ಜೋಡುಕರೆಯ ಸ್ಪರ್ಧೆಯಾಗಿ ಅದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ್ದು. ಸಂಪ್ರದಾಯದ ಹೆಸರಿನಲ್ಲಿಯೇ ನಡೆದುಬಂದಿದ್ದ ಪನಿಕುಲ್ಲುನು ಕಾನೂನಿನಿಂದ ನಿಷೇಧಕ್ಕೆ ಒಳಗಾದಾಗ ಕಂಬಳವು ಅಳಿಯಲಿಲ್ಲ, ಬೆಳೆಯಿತು. ಹಾಗಾದರೆ ಬೆತ್ತದ ಹೊಡೆತವಿಲ್ಲದೆ ಕಂಬಳವೇ ಇಲ್ಲವೆಂಬ ವಾದಕ್ಕೆ ಚರಿತ್ರೆಯ ಬೆಂಬಲವಿಲ್ಲ. ಅಂತೆಯೇ, ಹೊಡೆತವಿದೆಯೆಂಬ ಕಾರಣಕ್ಕೆ ಇಡೀ ಆಚರಣೆಯೇ ಹಿಂಸೆಯೆಂಬ ವಾದಕ್ಕೂ ಅದು ಒತ್ತಾಸೆಯಾಗುವುದಿಲ್ಲ. ಸಂಪ್ರದಾಯವೆಂಬುದು ಬದಲಾಗದಿರುವ ಹಕ್ಕಲ್ಲ, ತನ್ನನ್ನು ತಿದ್ದಿಕೊಂಡು ಮುಂದುವರಿಯುವ ಶಕ್ತಿ.

ಇದೇ ಪ್ರಶ್ನೆಯನ್ನು ಗ್ರ್ಯಾಂಡ್ ನ್ಯಾಷನಲ್ ಕೂಡ ಎದುರಿಸಿತು. 2011 ಮತ್ತು 2012ರ ಓಟಗಳಲ್ಲಿ ಕುದುರೆಗಳು ಸತ್ತ ಬಳಿಕ 2013ರಿಂದ ಬೇಲಿಗಳ ಒಳಗಿನ ಗಟ್ಟಿ ಮರದ ಚೌಕಟ್ಟಿನ ಬದಲಿಗೆ ಬಾಗುವ ವಸ್ತುವನ್ನು ಬಳಸಲಾಯಿತು. 2024ರಲ್ಲಿ ಓಡುವ ಕುದುರೆಗಳ ಗರಿಷ್ಠ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಲಾಯಿತು. ಬೇಲಿಯ ಹೊರರೂಪ ಹಾಗೆಯೇ ಉಳಿದು ಒಳಗಿನ ವಸ್ತು ಬದಲಾಯಿತು. ಕಂಬಳವು ಸಾಗಬೇಕಾದ ದಾರಿಯೂ ಇದಕ್ಕಿಂತ ತೀರ ಭಿನ್ನವಾಗಿರಲಾರದು.

ಉಪಸಂಹಾರ

2022ರಲ್ಲಿ ತೆರೆಕಂಡ ‘ಕಾಂತಾರ’ ಚಲನಚಿತ್ರವು ಕಂಬಳದ ದೃಶ್ಯವನ್ನು ನಾಡಿನ ಹೊರಗೂ ಪರಿಚಯಿಸಿತು. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ರಾಜ-ಮಹಾರಾಜ’ ಎಂಬ ಹೆಸರಿನ ಜೋಡುಕರೆಯಲ್ಲಿ ಕಂಬಳ ನಡೆಯಿತು. ಭತ್ತವನ್ನು ಬೆಳೆಯದ ನೆಲದಲ್ಲಿ, ನಾಟಿಯಿಲ್ಲದ ಕೆಸರಿನಲ್ಲಿ ಕೋಣಗಳು ಓಡಿದವು. ಬಟೆವಂಟಿನ ಗೋಪುರದಿಂದ ಬಿಡಿಸಿಕೊಂಡು ಕುದುರೆ ಓಟವು ಏಂಟ್ರಿಯ ಮೈದಾನ ಸೇರಿದಂತೆ ಕಂಬಳವೂ ತನ್ನ ಗದ್ದೆಯಿಂದ ಬಿಡಿಸಿಕೊಂಡಿತು. ಅರಸು ಕಂಬಳದಿಂದ ಕೋಟಿ-ಚೆನ್ನಯರ ಕರೆಗೆ ಬಂದಿದ್ದ ಹೆಸರು ರಾಜಧಾನಿಯಲ್ಲಿ ಮತ್ತೆ ರಾಜ-ಮಹಾರಾಜರ ಬಳಿಗೆ ಮರಳಿದ್ದು ಚರಿತ್ರೆಯ ವ್ಯಂಗ್ಯವೂ ಹೌದು.

2017ರ ತಿದ್ದುಪಡಿ ಕಾಯಿದೆಯು ಕಂಬಳದ ಜೊತೆಗೆ ಎತ್ತಿನ ಓಟ ಮತ್ತು ಎತ್ತಿನ ಗಾಡಿ ಓಟಗಳನ್ನೂ ಒಳಗೊಂಡಿದೆ. ಧಾರವಾಡ ಸೀಮೆಯಲ್ಲಿ ಜಾತ್ರೆ, ಹಬ್ಬಗಳ ಸಂದರ್ಭದಲ್ಲಿ ನಡೆಯುವ ಖಾಲಿ ಗಾಡಾ ಓಟದಲ್ಲಿ, ನಿಗದಿತ ಸಮಯದಲ್ಲಿ ಗಾಡಿ ಕ್ರಮಿಸಿದ ದೂರವನ್ನು ಅಳೆದು ಬಹುಮಾನ ಕೊಡುವ ರೂಢಿ ಬೆಳೆದಿದೆ. ಜೋಡುಕರೆಯು ಐವತ್ತು ವರ್ಷಗಳ ಹಿಂದೆ ಹಿಡಿದ ಹಾದಿಯನ್ನು ಬಯಲುಸೀಮೆಯ ಓಟವೂ ಈಗ ಹಿಡಿದಿದೆ. ಕರಾವಳಿಯಲ್ಲಿ ಸ್ಪರ್ಧೆಯು ಬೆಳೆಯುತ್ತ ಹೋದಾಗ ಪೂಕರೆ ಕಂಬಳಗಳು ಮರೆಗೆ ಸರಿದವು. ಎರೆಸೀಮೆಯಲ್ಲಿ ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳೇ ವಿರಳವಾಗುತ್ತಿರುವುದರಿಂದ ಕರಿಯ ಎದುರಿಗಿರುವ ಆತಂಕ ಇನ್ನೂ ಮೂಲಭೂತವಾದುದು. ಯಾವ ನ್ಯಾಯಾಲಯವೂ ಕರಿಯನ್ನು ತಡೆದಿಲ್ಲ. ಆದರೆ ಉಳುಮೆಯಲ್ಲಿ ಕೆಲಸವಿಲ್ಲದ ಎತ್ತನ್ನು ಹಬ್ಬದ ಒಂದು ದಿನಕ್ಕಾಗಿ ಸಾಕುವುದು ಸಣ್ಣ ಹಿಡುವಳಿದಾರನಿಂದ ಆಗದ ಮಾತು. ಕಾಯಿದೆಯು ಓಟಕ್ಕೆ ಅನುಮತಿ ನೀಡಬಲ್ಲದು, ಓಡುವ ಎತ್ತನ್ನು ಕೊಟ್ಟಿಗೆಯಲ್ಲಿ ಉಳಿಸಲಾರದು.

ಈ ಕಾರಣದಿಂದ ಕರಿಯ ದಾಖಲೀಕರಣವು ತುರ್ತಾಗಿ ಆಗಬೇಕಾದ ಕೆಲಸವಾಗಿದೆ. ಊರೂರಿನ ಅಗಸೆಯಲ್ಲಿ ತೋರಣ ಕಟ್ಟುವ ಹಕ್ಕು ಯಾರದು, ಮೊದಲು ಎತ್ತು ಬಿಡುವ ಮನೆತನ ಯಾವುದು, ತೊಗಲಿನ ಮಿಣಿ, ಬಾರುಕೋಲು ಮಾಡಿಕೊಡುವವರು ಯಾರು, ಹಲಗೆ ಬಾರಿಸುವವರು ಯಾರು, ಅವರಿಗೆ ಸಲ್ಲುವ ಪಾಲು ಎಷ್ಟು ಎಂಬ ವಿವರಗಳನ್ನು ಬರೆದಿಡಬೇಕಾಗಿದೆ. ಕಂಬಳದ ಚರಿತ್ರೆಯಲ್ಲಿ ಪನಿಯಲ್ಲಿ ಕುಳಿತವರ ಹೆಸರುಗಳು ದಾಖಲಾಗದೆ ಹೋದಂತೆ ಕರಿಯ ಚರಿತ್ರೆಯಲ್ಲಿ ಆಗಬಾರದು. ಕಾರಹುಣ್ಣಿಮೆಯ ಹದಿನೈದು ದಿನಗಳಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಈ ಸೀಮೆಯ ಮನೆಗಳಲ್ಲಿ ಕೆರೆಯ ಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಕೊಟ್ಟಿಗೆಯಲ್ಲಿ ಎತ್ತಿಲ್ಲದ ಮನೆಗಳಲ್ಲಿಯೂ ಈ ಪೂಜೆ ತಪ್ಪಿಲ್ಲ. ಅಗಸೆಯಲ್ಲಿ ಓಡುವ ಎತ್ತು ಜಗುಲಿಯ ಮೇಲಿನ ಮಣ್ಣೆತ್ತಾಗಿ ಮಾತ್ರ ಉಳಿಯುವ ಮೊದಲು ಆ ಓಟದ ಚರಿತ್ರೆಯನ್ನು ಊರುಗಳ ಹಿರಿಯರಿಂದ ಕೇಳಿ ಬರೆದುಕೊಳ್ಳುವುದು ಜಾನಪದ ಅಧ್ಯಯನದ ಮುಂದಿರುವ ಹೊಣೆಯಾಗಿದೆ.